ಸಹಾಯ ಬೇಕು: ಕೇಸಿಗಿಷ್ಟು ಅಂತ ಕೆಲಸ ಮಾಡುವ ವಕೀಲರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನನ್ನದೊಂದು ಚಿಕ್ಕ ವಕೀಲಿ ಆಫೀಸು. ನಾನು, ಒಬ್ಬ ಗುಮಾಸ್ತರು, ಅಷ್ಟೇ. ಚೆಕ್ ಬೌನ್ಸ್ ಕೇಸು, ಪಾಲಿನ ದಾವೆಗಳೇ ಜಾಸ್ತಿ. ಎರಡು ಕೋರ್ಟ್ ಹಾಲ್‌ನಲ್ಲಿ ಒಟ್ಟಿಗೇ ಕೇಸು ಕೂಗಿದರೆ ಓಡಾಡಿ ಸಾಕಾಗುತ್ತದೆ.

ಚೆಕ್ ಕೇಸಿನಲ್ಲಿ ತಡ ಮಾಡುವ ಹಾಗಿಲ್ಲ, ಅಲ್ವಾ? ಚೆಕ್ ವಾಪಸಾಯಿತು ಅಂತ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಹೋಗಬೇಕು. ಅದು ತಲುಪಿ 15 ದಿನವಾದರೂ ದುಡ್ಡು ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು ಹಾಕಬೇಕು. ಹೋದ ತಿಂಗಳು ಒಂದು ನೋಟಿಸನ್ನು ಕೊನೇ ದಿನ ಪೋಸ್ಟ್ ಮಾಡಿದೆ. ಎದೆ ಢವಢವ ಅನ್ನುತ್ತಿತ್ತು.

ಅದಕ್ಕೇ ಇಬ್ಬರು ಬೇಕು. ಒಬ್ಬರು ಮನೆಯಿಂದಲೇ ನೋಟಿಸ್, ದಾವೆ, ತಕರಾರು (ಎದುರಿನವರ ದಾವೆಗೆ ಉತ್ತರ) ಬರೆದುಕೊಡಲಿ. ಕನ್ನಡ ಡ್ರಾಫ್ಟಿಂಗ್ ಚೆನ್ನಾಗಿ ಬರಬೇಕು (ಸುಮ್ನೆ ಹಳೇ ಕಾಪಿಯಲ್ಲಿ ಹೆಸರು ಬದಲಿಸಿ ಕಳಿಸುವವರು ಬೇಡ). ಇನ್ನೊಬ್ಬರು ಕೋರ್ಟಿಗೆ ಬರುವವರು. ವಕಾಲತ್ತಿನಲ್ಲಿ (ಕಕ್ಷಿದಾರರು ವಕೀಲರಿಗೆ ಕೊಡುವ ಅಧಿಕಾರ ಪತ್ರ) ಅವರ ಸಹಿಯೂ ಇರುತ್ತದೆ, ಹಾಗಾಗಿ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಕಡ್ಡಾಯ. ನಮ್ಮ ಎದುರು ಪಾರ್ಟಿಯ ಕೇಸು ನಿಮ್ಮ ಹತ್ತಿರ ಇದ್ದರೆ ಮೊದಲೇ ಹೇಳಿಬಿಡಿ.

ಡ್ರಾಫ್ಟಿಗಿಷ್ಟು, ಹಾಜರಾತಿಗಿಷ್ಟು ಅಂತ ಕೊಡುವ ಯೋಚನೆ. ಎಷ್ಟು ಕೊಟ್ಟರೆ ನ್ಯಾಯ? ಹೀಗೆ ಕೆಲಸ ಮಾಡಿಸಿಕೊಳ್ಳುತ್ತಿರುವ ಸೀನಿಯರ್‌ಗಳು ದಯವಿಟ್ಟು ತಿಳಿಸಿ. ಆಸಕ್ತಿ ಇರುವವರು ಮೆಸೇಜ್ ಮಾಡಿ.