ಮಗಳಿಗೆ ಹದಿನಾಲ್ಕು: ರೆಡಿಂಗ್‌ನಲ್ಲಿ ಪರೀಕ್ಷೆ ಮುಗಿಸುವುದೋ, ಈಗಲೇ ಡಲ್ಲಾಸ್‌ಗೆ ಹೊರಡುವುದೋ?

ಸುಮಾ, ರೆಡಿಂಗ್

ನಮ್ಮ ಯಜಮಾನರಿಗೆ ಕಂಪನಿಯವರು ಅಮೆರಿಕದ ಟೆಕ್ಸಸ್‌ನಲ್ಲಿರುವ ಡಲ್ಲಾಸ್ ಕಚೇರಿಗೆ ವರ್ಗ ಮಾಡಿದ್ದಾರೆ. ಆಗಸ್ಟ್ ಹೊತ್ತಿಗೆ ಅಲ್ಲಿರಬೇಕು. ಮಗಳು ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಶಾಲೆಯಲ್ಲಿ ಇಯರ್ 10ರಲ್ಲಿದ್ದಾಳೆ. ಹದಿನಾರರ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ ಆರಿಸಿಕೊಂಡ ವಿಷಯಗಳ ಪಾಠ ಅರ್ಧ ಆಗಿದೆ, ಪರೀಕ್ಷೆ ಇರುವುದು ಮುಂದಿನ ವರ್ಷದ ಮೇ–ಜೂನ್‌ನಲ್ಲಿ. ಈಗಲೇ ಕರೆದುಕೊಂಡು ಹೋದರೆ ಕೈಯಲ್ಲಿ ಒಂದು ಪ್ರಮಾಣಪತ್ರವೂ ಇಲ್ಲದೆ ಅಲ್ಲಿನ ಹತ್ತನೆಯ ತರಗತಿಗೆ ಸೇರಬೇಕು. ಮುಗಿಸಿಕೊಂಡೇ ಹೋಗೋಣವೆಂದರೆ ಒಂದು ವರ್ಷ ಸಂಸಾರ ಎರಡು ಕಡೆ. ಯಾವ ದೇಶ ದೊಡ್ಡದು ಎಂಬ ಜಗಳ ಬೇಡ. ಈ ವಯಸ್ಸಿನ ಮಕ್ಕಳ ಶಾಲೆಯ ದಿನಗಳು ಎರಡೂ ಕಡೆ ಹೇಗಿರುತ್ತವೆ, ಬಲ್ಲವರು ಹೇಳಿ.

ರಸಾಯನದ ಮೇಷ್ಟರು, ಲೆಸ್ಟರ್

ಸುಮಾ ಅವರೇ, ಪರೀಕ್ಷೆ ಮುಗಿಸಿಕೊಂಡೇ ಹೊರಡಿ. ನಾನು ಇಲ್ಲಿ ಹದಿನಾರರವರೆಗಿನ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವನು, ಹಾಗಾಗಿ ಪಕ್ಷಪಾತ ಇದ್ದೇ ಇದೆ. ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ್ದು ಒಂದೇ ಸಂಗತಿ: ಉತ್ತರ ಪತ್ರಿಕೆ ತಿದ್ದುವವರಿಗೆ ಮಗು ಯಾರದೆಂದು ಗೊತ್ತಿರುವುದಿಲ್ಲ. ಎಕ್ಯೂಎ, ಒಸಿಆರ್‌ನಂಥ ಪರೀಕ್ಷಾ ಮಂಡಳಿಗಳು ಪ್ರಶ್ನೆ ಕೊಡುತ್ತವೆ, ಅವೇ ತಿದ್ದಿಸುತ್ತವೆ. ನಾನು ಆ ಹುಡುಗನ ಮೇಲೆ ಎಷ್ಟೇ ಮುನಿಸಿಕೊಂಡಿದ್ದರೂ ಅವನ ಅಂಕ ಅವನದೇ. ಇಯರ್ 9ರಲ್ಲಿ ಮೈಗಳ್ಳನಾಗಿದ್ದವನು 11ರಲ್ಲಿ ಎಚ್ಚೆತ್ತು ಕೂತರೆ ಅತ್ಯುನ್ನತ ಶ್ರೇಣಿಯಾದ 9 ಅವನಿಗೂ ಸಿಗಬಹುದು, ಹಿಂದಿನದನ್ನು ಯಾರೂ ಕೆದಕುವುದಿಲ್ಲ. ಅಮೆರಿಕದಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿ ಬಂದ ಒಂದು ‘ಸಿ’ ಕಾಲೇಜಿನ ಅರ್ಜಿ ಹಾಕುವವರೆಗೂ ಎಲ್ಲ ವರ್ಷಗಳ ಶ್ರೇಣಿಗಳ ಸರಾಸರಿಯಾದ ಜಿಪಿಎ ಲೆಕ್ಕದಲ್ಲಿ ಬಿಡದೆ ಹಿಂಬಾಲಿಸುತ್ತದೆ.

ವೀಣಾ, ನ್ಯೂಜೆರ್ಸಿ

ಮೇಷ್ಟರೇ, ಹಿಂದಿನದನ್ನು ಕೆದಕುವುದಿಲ್ಲ ನಿಜ, ಮುಂದಿನದನ್ನು ಮುಚ್ಚಿಬಿಡುತ್ತೀರಲ್ಲ! ಹದಿಮೂರು ಹದಿನಾಲ್ಕಕ್ಕೇ ಇತಿಹಾಸವೋ ಭೂಗೋಳವೋ ಆರಿಸಿಕೋ, ಹದಿನಾರಾದ ಮೇಲೆ ಎರಡು ವರ್ಷದ ಎ-ಲೆವೆಲ್ ಓದಿಗೆ ಮೂರು ವಿಷಯ ಇಟ್ಟುಕೊಂಡು ಉಳಿದುದಕ್ಕೆಲ್ಲ ಕೈಮುಗಿ ಎಂದರೆ ಆ ಮಗುವಿಗೆ ತಾನು ಯಾರೆಂದು ಅಷ್ಟರೊಳಗೆ ಗೊತ್ತಾಗಿರಬೇಕೇ? ನನ್ನ ಮಗ ಹನ್ನೆರಡನೆಯ ತರಗತಿಯಲ್ಲಿ ಕಾಲೇಜು ಮಟ್ಟದ ಎಪಿ ಕ್ಯಾಲ್ಕುಲಸ್ ಓದುತ್ತಲೇ ಮಧ್ಯಾಹ್ನ ಮಣ್ಣಿನ ಪಾತ್ರೆ ಮಾಡುವ ತರಗತಿಯಲ್ಲಿ ಕೂರುತ್ತಿದ್ದ, ಸಂಜೆ ಬ್ಯಾಂಡ್‌ನಲ್ಲಿ ಟ್ರಂಬೋನ್ ಊದುತ್ತಿದ್ದ. ಅದೇ ವರ್ಷ ಸುಮ್ಮನೆ ತೆಗೆದುಕೊಂಡ ಅರ್ಥಶಾಸ್ತ್ರ ಅವನಿಗೆ ಹಿಡಿಸಿತು. ಈಗ ಅದನ್ನೇ ಓದುತ್ತಿದ್ದಾನೆ. ಮೂರು ವಿಷಯದ ಪೆಟ್ಟಿಗೆಯಲ್ಲಿ ಅವನನ್ನು ಕೂರಿಸಿದ್ದರೆ ಭೌತಶಾಸ್ತ್ರದಲ್ಲೇ ಕೊರಗುತ್ತಿದ್ದ.

ಇನ್ನು ನಿಮ್ಮ ನಿಷ್ಪಕ್ಷಪಾತ! 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆ ನಿಂತಾಗ ಗಣಿತದ ಸೂತ್ರವೊಂದನ್ನು ಹಿಡಿದು ಶಿಕ್ಷಕರು ಕೊಟ್ಟ ಎ-ಲೆವೆಲ್ ಶ್ರೇಣಿಗಳಲ್ಲಿ ಸುಮಾರು ಶೇಕಡಾ 40ರಷ್ಟನ್ನು ಇಳಿಸಿದ್ದು ಇಂಗ್ಲೆಂಡೇ ಅಲ್ಲವೇ? ಆ ಶಾಲೆಯಲ್ಲಿ ಹಿಂದಿನ ವರ್ಷಗಳಲ್ಲಿ ಓದಿದವರ ಫಲಿತಾಂಶ ನೋಡಿ ಈ ವರ್ಷದ ಮಗುವಿನ ಯೋಗ್ಯತೆ ಕಟ್ಟಿದರು.

ರಸಾಯನದ ಮೇಷ್ಟರು, ಲೆಸ್ಟರ್

ಕಟ್ಟಿದರು, ಮಕ್ಕಳು ಬೀದಿಗಿಳಿದರು, ಆಗಸ್ಟ್ 17ಕ್ಕೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಪರೀಕ್ಷೆಯೇ ನಡೆಯದ ವರ್ಷದ ಗೊಂದಲವನ್ನು ಪರೀಕ್ಷೆಯ ತಲೆಗೆ ಕಟ್ಟುವುದು ಸರಿಯಲ್ಲ ವೀಣಾ ಅವರೇ. ನಿಜವಾಗಿ ಬೈಯಬೇಕಾದದ್ದು ಬೇರೆ ಇದೆ, ನಾನೇ ಹೇಳುತ್ತೇನೆ. 2015ರಿಂದ ಜಾರಿಗೆ ಬಂದ ಸುಧಾರಣೆಯಲ್ಲಿ ವರ್ಷವಿಡೀ ಮಾಡುವ ಕೋರ್ಸ್‌ವರ್ಕ್ ಹೆಚ್ಚು ಕಡಿಮೆ ಮಾಯವಾಯಿತು. ಈಗ ಎಲ್ಲವೂ ಕೊನೆಯ ಕೆಲವು ವಾರಗಳಲ್ಲಿ. ಒಂಬತ್ತು ಹತ್ತು ವಿಷಯ, ಒಂದೊಂದಕ್ಕೆ ಎರಡು ಮೂರು ಪತ್ರಿಕೆ. ಸಭಾಂಗಣದಲ್ಲಿ ಸಾಲು ಮೇಜು, ಒಳಗಿರುವುದು ಕಾಣುವಂಥ ಪಾರದರ್ಶಕ ಪೆನ್ಸಿಲ್ ಚೀಲ, ಚೀಟಿ ಕಿತ್ತ ನೀರಿನ ಬಾಟಲಿ, ಕೈಗಡಿಯಾರ ಕೂಡ ಬಿಚ್ಚಿಡಬೇಕು. ಅದರ ನಡುವೆ ಪರಾಗ ಅಲರ್ಜಿಯ ಕಾಲ ಬೇರೆ. ಸೀನುತ್ತ ಮೂಗೊರೆಸುತ್ತ ಬರೆಯುವ ಮಕ್ಕಳನ್ನು ಕಂಡರೆ ನನಗೂ ಸಂಕಟವಾಗುತ್ತದೆ.

ಪ್ಲೇನೋ ಹುಡುಗ, ಬೆಂಗಳೂರು

ನಾನು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಬೆಳೆದವನು. ವೀಣಾ ಆಂಟಿ ಹೇಳುವ ಸ್ವಾತಂತ್ರ್ಯ ಟೆಕ್ಸಸ್‌ನಲ್ಲಿ ಪೂರ್ತಿ ನಿಜವಲ್ಲ. 1997ರ ಕಾನೂನಿನ ಪ್ರಕಾರ ತರಗತಿಯ ಮೇಲಿನ ಶೇಕಡಾ 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಎಲ್ಲರೂ ಬಯಸುವ ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಮಾತ್ರ ಆ ಮಿತಿ ಹತ್ತಕ್ಕಿಂತ ಬಹಳ ಕೆಳಗಿಳಿದಿದೆ. ಆದ್ದರಿಂದ ಓದು ನಡೆಯುವುದೇ ಪಕ್ಕದಲ್ಲಿ ಕೂತವನ ವಿರುದ್ಧ. ಎಪಿ ತರಗತಿಗಳಿಗೆ ಜಿಪಿಎಯಲ್ಲಿ ಹೆಚ್ಚು ತೂಕ, ಮಣ್ಣಿನ ಪಾತ್ರೆಗೆ ಇಲ್ಲ. ನಮ್ಮವರ ಮನೆಗಳಲ್ಲಿ ಚಿತ್ರಕಲೆ ತೆಗೆದುಕೊಂಡರೆ ಸರಾಸರಿ ಇಳಿಯುತ್ತದೆ ಎಂದು ಲೆಕ್ಕ ಹಾಕಿ ಬಿಡಿಸಿದ ಅಪ್ಪಂದಿರನ್ನು ಕಂಡಿದ್ದೇನೆ. ಪ್ರತಿ ವಾರ ಕಿರುಪರೀಕ್ಷೆ, ಪ್ರತಿ ರಾತ್ರಿ ಮನೆಗೆಲಸ, ಅಂಕವೆಲ್ಲ ಅಪ್ಪ ಅಮ್ಮನ ಮೊಬೈಲಿಗೆ ಅದೇ ಸಂಜೆ. ನಾನು ಬಸ್ ಇಳಿಯುವ ಮೊದಲೇ ಅಮ್ಮನಿಗೆ ನನ್ನ 82 ಗೊತ್ತಾಗಿರುತ್ತಿತ್ತು.

ಆದರೂ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಮರೆಯಲಾರೆ. ಪಕ್ಕದ ಆಲನ್ ಊರಿನ ಪ್ರೌಢಶಾಲೆಗೆಂದು 2012ರಲ್ಲಿ ಸುಮಾರು 6 ಕೋಟಿ ಡಾಲರ್ ಸುರಿದು 18,000 ಆಸನಗಳ ಕ್ರೀಡಾಂಗಣ ಕಟ್ಟಿದರು. ಬಿರುಕು ಬಿಟ್ಟು 2014ರಲ್ಲಿ ಮುಚ್ಚಿ, ದುರಸ್ತಿ ಮಾಡಿ ಮತ್ತೆ ತೆರೆದರು. ಶಾಲೆಯ ಆಟಕ್ಕೆ ಇಷ್ಟೊಂದೇ ಎಂದು ನಗು ಬರುತ್ತದೆ, ಒಳಗೆ ಕೂತಾಗ ಬರುವುದಿಲ್ಲ. ಹಾಗೆಂದು ಆಟಗಾರರಿಗೆ ಓದಿನಿಂದ ವಿನಾಯಿತಿ ಇಲ್ಲ. ಒಂದು ವಿಷಯದಲ್ಲಿ 70ಕ್ಕಿಂತ ಕೆಳಗೆ ಬಿದ್ದರೆ ಕೆಲ ವಾರ ಮೈದಾನಕ್ಕೆ ಇಳಿಸುವುದಿಲ್ಲ. ಹಳೆಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಹೋಮ್‌ಕಮಿಂಗ್ ದಿನ ಹುಡುಗಿಯರು ‘ಮಮ್’ ಎಂಬ ಬಟ್ಟೆಯ ಸೇವಂತಿಗೆ ಕಟ್ಟಿಕೊಂಡು ಬರುತ್ತಾರೆ. ಹೂವಿಗಿಂತ ಅದರ ರಿಬ್ಬನ್, ಗೆಜ್ಜೆ, ಪುಟ್ಟ ಕರಡಿಬೊಂಬೆಗಳದೇ ಭಾರ, ಮೊಣಕಾಲು ದಾಟಿ ಜೋಲುತ್ತದೆ. ತರಗತಿಯಲ್ಲಿ ಯಾರಾದರೂ ಅಲುಗಾಡಿದರೆ ಸಾಕು, ಗೆಜ್ಜೆ ಸದ್ದು. ಸುಮಾ ಆಂಟಿ, ಹೊಸದಾಗಿ ಬಂದ ನಿಮ್ಮ ಮಗಳಿಗೆ ಒಂದು ಮಮ್ ಕಟ್ಟಿಕೊಡುವ ಗೆಳತಿ ಸಿಕ್ಕರೆ ಅರ್ಧ ಚಿಂತೆ ಬಿಟ್ಟಂತೆ.

ರಾಯರು, ಧಾರವಾಡ

ನನ್ನ ಮೊಮ್ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ, ಮೊಮ್ಮಗ ಹ್ಯೂಸ್ಟನ್‌ನಲ್ಲಿ. ಇಬ್ಬರ ಮನೆಯಲ್ಲೂ ಇದ್ದು ಬಂದಿದ್ದೇನೆ. ನೀವೆಲ್ಲ ಅಂಕದಲ್ಲೇ ಮುಳುಗಿದ್ದೀರಿ. ನಾನು ಕಂಡ ವ್ಯತ್ಯಾಸ ರಸ್ತೆಯಲ್ಲಿದೆ. ಮೊಮ್ಮಗಳು ಹನ್ನೊಂದು ತುಂಬಿದಾಗಿನಿಂದ ಬ್ಲೇಜರ್ ತೊಟ್ಟು ಊರ ಬಸ್ಸಿನಲ್ಲಿ ತಾನೇ ಹೋಗಿಬರುತ್ತಾಳೆ. ಶಾಲೆಯ ಗೇಟು ದಾಟುತ್ತಲೇ ಟೈ ಜೇಬಿಗೆ, ಗೆಳತಿಯರ ಜೊತೆ ಹುರಿದ ಆಲೂಗಡ್ಡೆ ತಿಂದು ಕತ್ತಲಾಗುವುದರೊಳಗೆ ಮನೆಗೆ. ಮೊಮ್ಮಗ ಎತ್ತರದಲ್ಲಿ ನನ್ನನ್ನು ಮೀರಿಸಿದ್ದಾನೆ. ಹಳದಿ ಬಸ್ಸು ಮನೆ ಹತ್ತಿರ ಇಳಿಸಿದರೆ ಮುಗಿಯಿತು, ಗೆಳೆಯನ ಮನೆಗೂ ನಮ್ಮ ಸೊಸೆಯೇ ಕಾರಿನಲ್ಲಿ ಬಿಟ್ಟು ಬರಬೇಕು. ಹದಿನಾರಕ್ಕೆ ಲೈಸೆನ್ಸ್ ಬಂದ ದಿನವೇ ಅವನಿಗೆ ಉಪನಯನ.

ದೂರು ಮಾತ್ರ ಇಬ್ಬರ ಮೇಲೂ ಒಂದೇ. ಫೆಬ್ರವರಿಯಲ್ಲಿ ಮನೆಯಲ್ಲಿ ಮದುವೆ ಇದ್ದಾಗ ಇಬ್ಬರೂ ಬರಲಿಲ್ಲ. ಇಂಗ್ಲೆಂಡ್‌ನಲ್ಲಿ ಅನುಮತಿಯಿಲ್ಲದೆ ಶಾಲೆ ತಪ್ಪಿಸಿದರೆ ತಂದೆಗೆ 80 ಪೌಂಡ್, ತಾಯಿಗೆ 80 ಪೌಂಡ್ ದಂಡವಂತೆ. ಟೆಕ್ಸಸ್‌ನಲ್ಲಿ ಶೇಕಡಾ 90 ಹಾಜರಾತಿ ಇಲ್ಲದಿದ್ದರೆ ಆ ವಿಷಯ ಮುಗಿಸಿದ ಲೆಕ್ಕ, ಅಂದರೆ ಕ್ರೆಡಿಟ್ಟೇ ಇಲ್ಲವಂತೆ.

ಸುಮಾ, ರೆಡಿಂಗ್

ಎಲ್ಲರಿಗೂ ಧನ್ಯವಾದ. ಕೇಳಲು ಹಿಂಜರಿಯುತ್ತಿದ್ದ ಮಾತನ್ನು ಕೇಳಿಯೇ ಬಿಡುತ್ತೇನೆ. ಉವಾಲ್ಡೆ ಟೆಕ್ಸಸ್‌ನಲ್ಲೇ ಇದೆ. 2022ರಲ್ಲಿ ಅಲ್ಲಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಜಿಪಿಎ ಆಮೇಲೆ, ಇದಕ್ಕೆ ನೀವೆಲ್ಲ ಹೇಗೆ ಒಗ್ಗಿಕೊಂಡಿರಿ?

ವೀಣಾ, ನ್ಯೂಜೆರ್ಸಿ

ಒಗ್ಗಿಕೊಂಡಿಲ್ಲ. ಶಾಲೆಯಿಂದ ಅವೇಳೆಯಲ್ಲಿ ಫೋನ್ ಬಂದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಮಗಳು ಇನ್ನೂ ಒಂಬತ್ತನೆಯ ತರಗತಿ.

ಪ್ಲೇನೋ ಹುಡುಗ, ಬೆಂಗಳೂರು

ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಶಾಲೆಯಲ್ಲಿ ಅಭ್ಯಾಸ ಮಾಡಿಸುವ ಹಾಗೆಯೇ ಬಂದೂಕುಧಾರಿ ಬಂದರೆ ಎಂಬುದೂ ನಮಗೆ ಇನ್ನೊಂದು ಅಭ್ಯಾಸವಾಗಿತ್ತು. ಬಾಗಿಲಿಗೆ ಬೀಗ, ದೀಪ ಆರಿಸು, ಕಿಟಕಿಗೆ ಕಾಣದ ಮೂಲೆಯಲ್ಲಿ ಎಲ್ಲರೂ ನೆಲದ ಮೇಲೆ. ಹೊರಗಿನಿಂದ ಯಾರೋ ಹಿಡಿಕೆ ತಿರುಗಿಸಿ ನೋಡುತ್ತಾರೆ. ಶಾಲೆಯವರೇ ಎಂದು ಗೊತ್ತಿದ್ದರೂ ಆ ಸದ್ದಿಗೆ ಯಾರೂ ಉಸಿರೆತ್ತುತ್ತಿರಲಿಲ್ಲ. ಮುಗಿದ ಕೂಡಲೇ ಪಾಠ ಮುಂದುವರಿಯುತ್ತಿತ್ತು.

ರಸಾಯನದ ಮೇಷ್ಟರು, ಲೆಸ್ಟರ್

ಬ್ರಿಟನ್ನಿನಲ್ಲೂ ಆಗಿತ್ತು, 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್‌ನಲ್ಲಿ. 16 ಮಕ್ಕಳು, ಒಬ್ಬ ಶಿಕ್ಷಕಿ. ಮರುವರ್ಷವೇ ಕೈಬಂದೂಕು ಇಟ್ಟುಕೊಳ್ಳುವುದನ್ನು ಕಾನೂನು ತಂದು ನಿಲ್ಲಿಸಿದರು. ಇಲ್ಲಿನ ಊರುಗಳಲ್ಲಿ ಹುಡುಗರ ಕೈಗೆ ಚಾಕು ಬರುತ್ತಿದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ವೀಣಾ ಅವರೇ, ಈ ಒಂದು ವಿಷಯದಲ್ಲಿ ಎರಡು ದೇಶವನ್ನು ತಕ್ಕಡಿಗೆ ಹಾಕಲು ನಾನು ಒಪ್ಪಲಾರೆ.

ವೀಣಾ, ನ್ಯೂಜೆರ್ಸಿ

ನಾನೂ ಹಾಕುತ್ತಿಲ್ಲ ಮೇಷ್ಟರೇ. ಸುಮಾ ಅವರೇ, ಇನ್ನೊಂದು ಮಾತು. ವರ್ಗವಾಗಿ ಬರುವವರ ಮಕ್ಕಳದು ಎಲ್-2 ವೀಸಾ. ಸಹಪಾಠಿಗಳು ರಜೆಯಲ್ಲಿ ಐಸ್‌ಕ್ರೀಂ ಅಂಗಡಿಯಲ್ಲಿ ದುಡಿದು ಕೈಖರ್ಚು ಮಾಡಿಕೊಳ್ಳುವಾಗ ನಿಮ್ಮ ಮಗಳು ಸಂಬಳದ ಕೆಲಸ ಮಾಡುವಂತಿಲ್ಲ. ಬೇಸಿಗೆ ರಜೆ ಇಲ್ಲಿ ಎರಡು ತಿಂಗಳ ಮೇಲೆ, ನಿಮ್ಮಲ್ಲಿಯ ಹಾಗೆ ಆರು ವಾರವಲ್ಲ. ಗ್ರಂಥಾಲಯದ ಸ್ವಯಂಸೇವೆ ಏನಾದರೂ ಮೊದಲೇ ನೋಡಿಡಿ. ಹೇಗೂ ಕಾಲೇಜಿನ ಅರ್ಜಿಯಲ್ಲಿ ಅದನ್ನೂ ಕೇಳುತ್ತಾರೆ.

ಸುಮಾ, ರೆಡಿಂಗ್

ಮಗಳು ಇದನ್ನೆಲ್ಲ ಓದಿದಳು. ಅವಳ ಪ್ರಶ್ನೆ ಒಂದೇ: ಇಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಒಟ್ಟಿಗೆ ಅರ್ಧಕ್ಕೆ ಬಂದು ನಿಂತಿವೆ. ಅಲ್ಲಿ ವರ್ಷಕ್ಕೊಂದು ವಿಜ್ಞಾನ. ಹಾಗಾದರೆ ತನ್ನನ್ನು ಮತ್ತೆ ಒಂಬತ್ತನೆಯವರ ಜೊತೆ ಜೀವಶಾಸ್ತ್ರಕ್ಕೆ ಕೂರಿಸುತ್ತಾರೆಯೇ?

ಪ್ಲೇನೋ ಹುಡುಗ, ಬೆಂಗಳೂರು

ಸುಮ್ಮನಿದ್ದರೆ ಕೂರಿಸಲೂಬಹುದು. ಟೆಕ್ಸಸ್‌ನಲ್ಲಿ ಪರೀಕ್ಷೆ ಬರೆದು ಕ್ರೆಡಿಟ್ ಪಡೆಯುವ ಅವಕಾಶವಿದೆ, ಶಾಲೆ ಸೇರುವ ಮೊದಲೇ ಕೌನ್ಸೆಲರ್‌ಗೆ ಬರೆದು ದಿನಾಂಕ ಕೇಳಿ. ಇಯರ್ 10ರ ವರದಿ, ಪ್ರತಿ ವಿಷಯದ ಪಠ್ಯಕ್ರಮ ಎರಡನ್ನೂ ಶಾಲೆಯ ಮುದ್ರೆ ಹಾಕಿಸಿ ತನ್ನಿ. ಜಿಸಿಎಸ್‌ಇ ಎಂದರೆ ಏನೆಂದು ಅವರಿಗೆ ನೀವೇ ವಿವರಿಸಬೇಕಾದೀತು.

ರಸಾಯನದ ಮೇಷ್ಟರು, ಲೆಸ್ಟರ್

ಮುದ್ರೆಗೆ ಜುಲೈ ಮಧ್ಯದೊಳಗೆ ಕೇಳಿಕೊಳ್ಳಿ. ಆಮೇಲೆ ನಮ್ಮ ಶಾಲೆಗಳ ಕಚೇರಿಯಲ್ಲಿ ಸೆಪ್ಟೆಂಬರ್‌ವರೆಗೆ ಯಾರೂ ಸಿಗುವುದಿಲ್ಲ.