ಹೋಂಸ್ಟೇಯಲ್ಲಿ ಸಿಗರೇಟ್ ಬೇಡ ಅಂದರೆ ಅತಿಥಿಗಳು ಬರೋದಿಲ್ಲವೇ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿರಸಿ ಹತ್ತಿರದಿಂದ:

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಯಾಣದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಡಿಕೆ ತೋಟದ ಮೇಲ್ಬದಿಯಲ್ಲಿ ಐದು ರೂಮ್ ಕಟ್ಟಿ ನಾಲ್ಕು ವರ್ಷದಿಂದ ಹೋಂಸ್ಟೇ ನಡೆಸುತ್ತಿದ್ದೇವೆ. ಬರುವವರು ಜಾಸ್ತಿ ಬೆಂಗಳೂರು, ಹುಬ್ಬಳ್ಳಿ ಕಡೆಯವರು. ರೂಮಿನ ಒಳಗೆ ಸೇದಬೇಡಿ, ಜಗಲಿಯಲ್ಲಿ ಅಡ್ಡಿಯಿಲ್ಲ ಅಂತ ಇಲ್ಲಿಯವರೆಗೆ ಹೇಳುತ್ತಿದ್ದೆವು.

ಕಳೆದ ಫೆಬ್ರವರಿಯಲ್ಲಿ ಯಾರೋ ಎಸೆದ ತುಂಡಿನಿಂದ ಕೊಟ್ಟಿಗೆ ಪಕ್ಕದ ದರಕಿನ (ಒಣ ಎಲೆಯ) ರಾಶಿಗೆ ಬೆಂಕಿ ಹತ್ತಿತು. ಮಾವ ಅಲ್ಲೇ ಇದ್ದರು, ಹತ್ತು ಕೊಡ ನೀರಿನಲ್ಲಿ ಆರಿತು. ಅಟ್ಟದ ಮೇಲೆ ಆ ವರ್ಷದ ಅಡಿಕೆ ಪೂರ್ತಿ ಇತ್ತು. ಅವತ್ತಿನಿಂದ ಅತಿಥಿಗಳು ಅಂಗಳಕ್ಕೆ ಇಳಿದರೆ ಸಾಕು, ನನ್ನ ಕಣ್ಣು ಅವರ ಕೈ ಮೇಲೇ ಇರುತ್ತದೆ.

ಇನ್ನು ಪೂರ್ತಿ ನಿಷೇಧ ಮಾಡೋಣ ಅಂತ ನನ್ನ ಮನಸ್ಸು. ಯಜಮಾನರಿಗೆ ಹೆದರಿಕೆ. ಜಲಪಾತ ನೋಡಲು ಬರುವ ಹುಡುಗರ ಗುಂಪು ನಿಂತುಹೋದರೆ ಮಳೆಗಾಲದಲ್ಲಿ ರೂಮ್ ಖಾಲಿ ಅನ್ನುತ್ತಾರೆ. ನಿಷೇಧ ಮಾಡಿದವರು ಇದ್ದರೆ ಹೇಳಿ. ಅತಿಥಿಗಳು ಏನಂದರು? ಬುಕಿಂಗ್ ಕಡಿಮೆ ಆಯಿತೇ? ಸೇದುವವರೂ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಗೋಕರ್ಣದಿಂದ, ರೆಸಾರ್ಟ್ ಮ್ಯಾನೇಜರ್ ಒಬ್ಬರು:

ನಿಮ್ಮ ಹೆದರಿಕೆ ನನಗೆ ಪೂರ್ತಿ ಅರ್ಥವಾಗುತ್ತದೆ. ನಾವೂ ಇದೇ ಲೆಕ್ಕ ಹಾಕಿದ್ದೆವು.

ಮೊದಲು ಕಾನೂನು ನೋಡಿ. ಸಿಗರೇಟ್ ಮತ್ತು ತಂಬಾಕಿನ ಕಾಯ್ದೆ 2003ರದ್ದು. ಅದರ ಕೆಳಗೆ ಬಂದ ನಿಯಮದ ಪ್ರಕಾರ 2008ರ ಅಕ್ಟೋಬರ್ 2ರಿಂದ ಹೋಟೆಲ್, ಊಟದ ಜಾಗ ಎಲ್ಲ ಕಡೆ ಸೇದುವಂತಿಲ್ಲ. ಬೇರೆ ಸ್ಮೋಕಿಂಗ್ ರೂಮ್ ಇಡಲು ಅವಕಾಶ ಇರುವುದು 30 ಅಥವಾ ಅದಕ್ಕಿಂತ ಜಾಸ್ತಿ ರೂಮ್ ಇರುವ ಹೋಟೆಲ್‌ಗಳಿಗೆ ಮಾತ್ರ. ನಿಮ್ಮ ಐದು ರೂಮಿಗೆ ಆ ದಾರಿ ಇಲ್ಲ. ಕರ್ನಾಟಕದಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂದು 2025ರ ಮೇ ತಿಂಗಳಿಂದ ದಂಡ 200 ರೂಪಾಯಿಯಿಂದ 1000ಕ್ಕೆ ಏರಿದೆ. 21 ವರ್ಷ ಆಗದವರಿಗೆ ಮಾರುವಂತಿಲ್ಲ. ಹುಡುಗರ ಗುಂಪು ಕೇಳಿತು ಅಂತ ಹುಕ್ಕಾ ಮಾತ್ರ ಇಡಬೇಡಿ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು ಅಂತ ಅದೇ ತಿದ್ದುಪಡಿಯಲ್ಲಿದೆ. ಹಾಗಾಗಿ ಯಾರಾದರೂ ಜಗಳಕ್ಕೆ ಬಂದರೆ ಇದು ನಮ್ಮ ಮನೆಯ ಹಟ ಅಲ್ಲ, ಕಾನೂನು ಅಂತ ಧೈರ್ಯವಾಗಿ ಹೇಳಬಹುದು.

ಈಗ ಅನುಭವ. ನಮ್ಮದು 36 ರೂಮ್. ಮೊದಲು ಒಂದು ಬದಿಯ ನಾಲ್ಕು ರೂಮ್ ಸೇದುವವರಿಗೆ ಅಂತ ಬಿಟ್ಟಿದ್ದೆವು. ಡಿಸೆಂಬರ್ ಕೊನೆಯ ವಾರ ಬೇರೆ ಎಲ್ಲ ರೂಮ್ ತುಂಬಿ ಅವು ನಾಲ್ಕೇ ಉಳಿಯುತ್ತಿದ್ದವು. ಮಕ್ಕಳಿರುವ ಸಂಸಾರ ಬಂದು ಬಾಗಿಲು ತೆರೆದು, ಮೂಗು ಮುಚ್ಚಿಕೊಂಡು ವಾಪಸ್ ಬರುತ್ತಿದ್ದರು. ಎರಡು ಸೀಸನ್ ನೋಡಿ ಅದನ್ನು ತೆಗೆದೆವು. ಪೂರ್ತಿ ನಿಷೇಧದ ಮೊದಲ ವರ್ಷ ಎರಡು ಗುಂಪು ಜೋರು ಜಗಳ ಮಾಡಿದವು. ಒಂದು ಗುಂಪು ಅಲ್ಲಿಂದಲೇ ಹೊರಟಿತು, ಹಣ ವಾಪಸ್ ಕೊಟ್ಟೆವು. ಅಷ್ಟೇ. ಉಳಿದವರು ಕೇಳಿದ್ದು "ಎಲ್ಲಿ ಸೇದಬಹುದು?" ಅಂತ. "ಯಾಕೆ ಸೇದಬಾರದು?" ಅಂತ ಯಾರೂ ಕೇಳಲಿಲ್ಲ. ನವೆಂಬರ್ ನಂತರ ಬರುವ ವಿದೇಶದವರಂತೂ ತಕರಾರೇ ತೆಗೆಯುವುದಿಲ್ಲ. ಥಾಯ್ಲೆಂಡ್‌ನಲ್ಲಿ 2018ರಿಂದ ಹೆಸರಾದ ಬೀಚುಗಳಲ್ಲೇ ನಿಷೇಧ, ಫ್ರಾನ್ಸ್‌ನಲ್ಲಿ 2025ರಿಂದ. ಅವರಿಗೆ ಇದು ಅಭ್ಯಾಸ.

ಆ ಎರಡು ಜಗಳದಲ್ಲೂ ತಪ್ಪು ನಮ್ಮದು. ಬುಕ್ ಮಾಡುವಾಗ ಹೇಳಿರಲಿಲ್ಲ. ಏಳೆಂಟು ತಾಸು ಪ್ರಯಾಣ ಮಾಡಿ ಬಂದವರಿಗೆ ಗೇಟಿನಲ್ಲಿ ನಿಯಮ ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಈಗ ನಾವು ಕಳಿಸುವ ಮೆಸೇಜ್ ಇದು, ಬೇಕಾದರೆ ಹೀಗೇ ಬಳಸಿಕೊಳ್ಳಿ: "ನಮ್ಮಲ್ಲಿ ರೂಮ್, ಬಾತ್‌ರೂಮ್, ಬಾಲ್ಕನಿ, ಊಟದ ಜಾಗ ಎಲ್ಲೂ ಸೇದುವಂತಿಲ್ಲ. ಗೇಟಿನ ಹತ್ತಿರ ಅದಕ್ಕೊಂದು ಜಾಗ ಇದೆ. ಒಪ್ಪಿಗೆ ಇದ್ದರೆ 'ಸರಿ' ಅಂತ ಕಳಿಸಿ, ಆಮೇಲೆ ಮುಂಗಡ ಹಾಕಿ." 'ಸರಿ' ಬರುವ ತನಕ ಮುಂಗಡ ತೆಗೆದುಕೊಳ್ಳುವುದಿಲ್ಲ. ಇದನ್ನು ಶುರು ಮಾಡಿದ ಮೇಲೆ ಗೇಟಿನಲ್ಲಿ ಒಂದೂ ಜಗಳ ಆಗಿಲ್ಲ.

ಇನ್ನೊಂದು ಮಾತು, ನಿಮಗೆ ಇದೇ ಮುಖ್ಯ. ಜಾಗ ಕೊಡದೆ ಸುಮ್ನೆ ನಿಷೇಧ ಅಂದರೆ ಬೆಂಕಿಯ ಭಯ ಇನ್ನೂ ಹೆಚ್ಚುತ್ತದೆ. ಜನ ಬಾತ್‌ರೂಮಿನಲ್ಲಿ ಕದ್ದು ಸೇದುತ್ತಾರೆ, ತುಂಡನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಾರೆ. ನಿಮ್ಮ ಕಿಟಕಿಯ ಹೊರಗೆ ಏನಿದೆ ನೋಡಿಕೊಳ್ಳಿ. 2003ರ ಕಾಯ್ದೆ 'ಸಾರ್ವಜನಿಕ ಸ್ಥಳ' ಅನ್ನುವಾಗ ಬಯಲು ಜಾಗವನ್ನು ಬಿಟ್ಟಿದೆ. ಹಾಗಾಗಿ ಮನೆಯಿಂದ ದೂರ, ಬಯಲಿನಲ್ಲಿ ಒಂದು ಜಾಗ ಮಾಡಿ.

ಕುಮಟಾದಿಂದ, ರೂಮ್ ಕ್ಲೀನಿಂಗ್ ಕೆಲಸ ಮಾಡುವವರು:

ಅಕ್ಕಾ, ನಾನು ಹನ್ನೊಂದು ವರ್ಷದಿಂದ ಲಾಡ್ಜ್, ರೆಸಾರ್ಟ್ ಅಂತ ರೂಮ್ ಕ್ಲೀನ್ ಮಾಡುತ್ತೇನೆ. ಮಗ ಟೈಪ್ ಮಾಡಿ ಕೊಡುತ್ತಿದ್ದಾನೆ. ಅತಿಥಿಗಳ ವಿಚಾರ ಎಲ್ಲರೂ ಹೇಳುತ್ತಾರೆ. ರೂಮ್ ತೊಳೆಯುವವರದ್ದೂ ಸ್ವಲ್ಪ ಕೇಳಿ.

ಸೇದಿದ ರೂಮ್ ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತದೆ. ಹಾಸಿಗೆ ಬಟ್ಟೆ ಒಗೆದರೆ ಸರಿಹೋಗುತ್ತದೆ. ಪರದೆ, ದಿಂಬು, ಹಾಸಿಗೆಗೆ ಹತ್ತಿದ ವಾಸನೆ ಹೋಗುವುದಿಲ್ಲ. ಎಸಿ ರೂಮ್ ಆದರೆ ಇನ್ನೂ ಕಷ್ಟ, ಕಿಟಕಿ ತೆರೆಯದೇ ಸೇದಿರುತ್ತಾರೆ. ಎಸಿ ಹಾಕಿದಾಗೆಲ್ಲ ವಾಸನೆ ಮತ್ತೆ ಹೊರಗೆ ಬರುತ್ತದೆ. ಜೂನ್, ಜುಲೈ ಮಳೆಯಲ್ಲಿ ಪರದೆ ಒಗೆದರೆ ಮೂರು ದಿನವಾದರೂ ಒಣಗುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಹೊಸ ಅತಿಥಿ ಬಂದು ನಿಂತಿರುತ್ತಾರೆ. ಬೈಸಿಕೊಳ್ಳುವವರು ನಾವು.

ಒಂದು ಕಡೆ ಬೆಡ್‌ಶೀಟ್‌ಗೆ ಸಿಗರೇಟಿನ ತೂತು ಬಿದ್ದಿತ್ತು. ಅತಿಥಿ ಹೊರಟುಹೋಗಿದ್ದರು. ನೀನು ಮೊದಲೇ ನೋಡಿ ಹೇಳಲಿಲ್ಲ ಅಂತ ನನ್ನ ಪಗಾರದಲ್ಲಿ ಹಿಡಿದರು. ಅದನ್ನು ನಾನು ಮರೆತಿಲ್ಲ. ನೀವು ನಿಯಮ ಮಾಡುವಾಗ ಹಾಳಾದದ್ದಕ್ಕೆ ಹಣ ಯಾರು ಕೊಡಬೇಕು ಅಂತ ಅತಿಥಿಗೆ ಮೊದಲೇ ಹೇಳಿ. ಕೆಲಸದವರ ತಲೆಗೆ ಬರಬಾರದು. ಈಗ ಇರುವ ಕಡೆ ಪೂರ್ತಿ ನಿಷೇಧ ಇದೆ. ಒಂದು ರೂಮಿಗೆ ಅರ್ಧ ತಾಸು ಸಾಕು. ಮೊದಲು ಒಂದು ತಾಸು ಹಿಡಿಯುತ್ತಿತ್ತು.

ಹುಬ್ಬಳ್ಳಿಯಿಂದ, ಸೇದುವವರೊಬ್ಬರು:

ಮೇಡಂ, ನಾನು 22 ವರ್ಷದಿಂದ ಸೇದುತ್ತೇನೆ. ನಿಮ್ಮ ಕಡೆ ವರ್ಷಕ್ಕೆ ಎರಡು ಸಲ ಸಂಸಾರ ಸಮೇತ ಬರುತ್ತೇವೆ. ಸೇದುವವರು ನಿಮ್ಮಲ್ಲಿಗೆ ಬರುವುದಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ಮನೆಯಲ್ಲೂ ನಾವು ಒಳಗೆ ಸೇದುವುದಿಲ್ಲ. ಹೆಂಡತಿ ಮಕ್ಕಳು ಬಿಡುವುದಿಲ್ಲ. ಹೊರಗೆ ಹೋಗಿ ಸೇದುವ ರೂಢಿ ನಮಗೆ ಇದೆ.

ಕರಾವಳಿಯ ಒಂದು ಕಡೆ ನನಗೆ ಕೆಟ್ಟ ಅನುಭವ ಆಯಿತು. ಹಣ ಪೂರ್ತಿ ಕಟ್ಟಿದ ಮೇಲೆ ಹೇಳಿದರು. ಸೇದಲು ಮುಖ್ಯ ರಸ್ತೆಗೇ ಹೋಗಬೇಕು ಅಂದರು. ರಾತ್ರಿ ಹನ್ನೊಂದಕ್ಕೆ ಗೇಟಿಗೆ ಬೀಗ. ಬೆಳಗಿನ ಮೊದಲ ಸಿಗರೇಟ್ ಇಲ್ಲದಿದ್ದರೆ ನಮ್ಮಂಥವರಿಗೆ ತಲೆ ಓಡುವುದಿಲ್ಲ, ಸಿಡುಕು ಬರುತ್ತದೆ. ಆ ಸಿಡುಕು ಮಕ್ಕಳ ಮೇಲೆ ಹೋಯಿತು. ಎರಡು ದಿನದ ರಜೆ ಹಾಳಾಯಿತು. ನನಗೆ ಇವತ್ತಿಗೂ ಆ ಬಗ್ಗೆ ಬೇಸರ ಇದೆ.

ಜೋಯಿಡಾ ಕಡೆ ಒಂದು ಮನೆಯವರು ಫೋನಿನಲ್ಲೇ ಹೇಳಿದರು. ಗೇಟಿನ ಹತ್ತಿರ ಒಂದು ಬೆಂಚು, ಮೇಲೆ ತಗಡು, ಒಂದು ದೀಪ, ಮರಳು ತುಂಬಿದ ಮಣ್ಣಿನ ಮಡಕೆ. ರೂಮಿನಿಂದ ಎರಡು ನಿಮಿಷ ನಡೆಯಬೇಕು. ದಿನಕ್ಕೆ ಹನ್ನೆರಡು ಸೇದುವವನು ಅಲ್ಲಿ ಐದಕ್ಕೆ ಇಳಿದೆ. ಮಳೆಯಲ್ಲಿ ಕೊಡೆ ಹಿಡಿದು ಹೋಗುವಾಗ ಅರ್ಧ ದಾರಿಯಲ್ಲಿ ಇದು ಬೇಕಾ ಅನ್ನಿಸಿ ಎರಡು ಸಲ ವಾಪಸ್ ಬಂದೆ. ಆ ಮನೆಗೆ ಮೂರು ಸಲ ಹೋಗಿದ್ದೇವೆ.

ನಿಮ್ಮ ಜಾಗಕ್ಕೆ ಸೋಗೆಯ ಚಾವಣಿ ಹಾಕಬೇಡಿ, ತಗಡೇ ಸರಿ. ಮಡಕೆಗೆ ಮರಳು ಅಥವಾ ನೀರು ಇರಲಿ. ರಾತ್ರಿಯೂ ಹೋಗಿ ಬರುವಂತಿರಲಿ. ಪ್ರವಾಸದಲ್ಲಿ ಬಿಟ್ಟು ನೋಡೋಣ ಅನ್ನುವವರು ಔಷಧಿ ಅಂಗಡಿಯಲ್ಲಿ 2 ಎಂಜಿಯ ನಿಕೋಟಿನ್ ಗಮ್ ತಂದಿಟ್ಟುಕೊಳ್ಳಿ. ಚೂಯಿಂಗ್ ಗಮ್ ಥರ ಅಗಿಯುತ್ತಲೇ ಇರಬಾರದು. ಸ್ವಲ್ಪ ಅಗಿದು, ಖಾರ ಹತ್ತಿದ ಕೂಡಲೇ ಕೆನ್ನೆಯ ಒಳಗೆ ಇಟ್ಟುಕೊಳ್ಳಬೇಕು. ಬಿಡಲು ಸಹಾಯ ಬೇಕಾದರೆ ಸರ್ಕಾರದ ಉಚಿತ ನಂಬರ್ 1800-11-2356 ಇದೆ. ನಾನೂ ಫೋನ್ ಮಾಡಿದ್ದೇನೆ. ಇನ್ನೂ ಪೂರ್ತಿ ಬಿಟ್ಟಿಲ್ಲ, ಪ್ರಯತ್ನ ನಡೆದಿದೆ.

ದಾವಣಗೆರೆಯಿಂದ, ಇಬ್ಬರು ಮಕ್ಕಳ ತಾಯಿ:

ನನ್ನ ಚಿಕ್ಕ ಮಗನಿಗೆ ಅಸ್ತಮಾ. ಮುರ್ಡೇಶ್ವರಕ್ಕೆ ಹೋದಾಗ 'ನಾನ್ ಸ್ಮೋಕಿಂಗ್ ರೂಮ್' ಅಂತಲೇ ಕೊಟ್ಟರು. ಬಾಲ್ಕನಿಯಲ್ಲಿ ಮಾತ್ರ ಸೇದಬಹುದಿತ್ತಂತೆ. ಪಕ್ಕದ ಬಾಲ್ಕನಿಯಲ್ಲಿ ನಾಲ್ಕು ಜನ ರಾತ್ರಿ ಪೂರ್ತಿ ಸೇದಿದರು. ಸಮುದ್ರದ ಗಾಳಿ ಆ ಹೊಗೆಯನ್ನೆಲ್ಲ ನಮ್ಮ ರೂಮಿಗೇ ತಂದಿತು. ರಾತ್ರಿ ಎರಡಕ್ಕೆ ಮಗನಿಗೆ ಎದೆ ಸುಯ್ಯೆನ್ನತೊಡಗಿತು. ನೆಬ್ಯುಲೈಸರ್ ಜೊತೆಗಿತ್ತು, ಬಚಾವಾದೆವು. ಬೆಳಗಾದ ಕೂಡಲೇ ಒಂದು ದಿನದ ಬಾಡಿಗೆ ಬಿಟ್ಟು ಊರಿಗೆ ಬಂದೆವು.

ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಹೋಟೆಲ್ ರೂಮ್‌ಗಳನ್ನು ಪರೀಕ್ಷೆ ಮಾಡಿ 2013ರಲ್ಲಿ ವರದಿ ಕೊಟ್ಟಿದ್ದಾರೆ. ಕೆಲವು ರೂಮಿನಲ್ಲಿ ಮಾತ್ರ ಸೇದಲು ಬಿಡುವ ಹೋಟೆಲ್‌ಗಳಲ್ಲಿ ಸೇದದ ರೂಮಿನಲ್ಲೂ ನಿಕೋಟಿನ್ ಸಿಕ್ಕಿತು. ಪೂರ್ತಿ ನಿಷೇಧ ಇದ್ದ ಹೋಟೆಲ್‌ಗಳಲ್ಲಿ ಅದು ಬಹಳ ಕಡಿಮೆ. ನಮ್ಮ ಮುರ್ಡೇಶ್ವರದ ರಾತ್ರಿಗೆ ಕಾರಣ ನನಗೆ ಅಲ್ಲಿ ಸಿಕ್ಕಿತು. ಅರ್ಧ ನಿಷೇಧ ನಮ್ಮಂಥವರಿಗೆ ಉಪಯೋಗಕ್ಕೆ ಬರುವುದಿಲ್ಲ. ಈಗ ನಾನು ಫೋನ್ ಮಾಡಿ ಮೊದಲು ಕೇಳುವುದೇ ಇದನ್ನು. ಜಗಲಿಯಲ್ಲಿ ಸೇದಬಹುದು ಅಂದರೆ ಅಲ್ಲಿಗೇ ಬಿಡುತ್ತೇನೆ. ನಿಮ್ಮ ಯಜಮಾನರಿಗೆ ಹೇಳಿ: ನಿಮ್ಮಲ್ಲಿ ಸೇದುವಂತಿಲ್ಲ ಅಂತ ಗೊತ್ತಾದರೆ ನಮ್ಮಂಥ ಸಂಸಾರಗಳು ಹುಡುಕಿಕೊಂಡು ಬರುತ್ತವೆ.

ಕಾರವಾರದಿಂದ, ಬೋಟ್ ನಡೆಸುವವರು:

ದೇವಬಾಗ್ ಕಡೆ ಪ್ರವಾಸಿಗರನ್ನು ಕರೆದೊಯ್ಯುತ್ತೇನೆ. ನಮ್ಮಲ್ಲಿ ದರಕಿನ ಬದಲು ಗಾಳಿಮರದ ಒಣ ಎಲೆ. ಏಪ್ರಿಲ್‌ನಲ್ಲಿ ಒಂದು ಕಿಡಿ ಸಾಕು. ಬೋಟ್ ಹತ್ತುವಾಗ ಹೇಳುವುದು ಒಂದೇ: ತುಂಡು ಕಿಸೆಯಲ್ಲೇ ವಾಪಸ್ ಬರಲಿ. ಖಾಲಿ ಸುಣ್ಣದ ಡಬ್ಬಿ ಕೊಡುತ್ತೇನೆ, ಅದರಲ್ಲಿ ಹಾಕಿಕೊಳ್ಳುತ್ತಾರೆ. ಫಿಲ್ಟರ್ ಹತ್ತಿ ಅಂದುಕೊಂಡಿರುತ್ತಾರೆ, ಅದು ಪ್ಲಾಸ್ಟಿಕ್ಕಿನ ಎಳೆ. ಕಡಲಾಮೆ ಮೊಟ್ಟೆ ಇಡುವ ಮರಳು ಇದು ಅಂತ ತೋರಿಸಿದರೆ ದೊಡ್ಡವರಿಗಿಂತ ಅವರ ಮಕ್ಕಳೇ ಕಾವಲು ಕಾಯುತ್ತಾರೆ.

ಸಿದ್ದಾಪುರದಿಂದ, ಹಿರಿಯರೊಬ್ಬರು:

ತಂಗೀ, ಎಲ್ಲರೂ ಸಿಗರೇಟಿನ ಮಾತು ಹೇಳಿದರು. ನಾನು ಕವಳದ, ಅಂದರೆ ಎಲೆ ಅಡಿಕೆಯ ಮಾತು ಹೇಳುತ್ತೇನೆ. ನಮ್ಮ ಮನೆಯಲ್ಲೂ ಮೂರು ರೂಮ್ ಬಾಡಿಗೆಗೆ ಇದೆ. ಸೇದಬಾರದು ಅಂತ ಬೋರ್ಡ್ ಹಾಕಿದ ವಾರವೇ ಬೆಂಗಳೂರಿನ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಕೇಳಿದ, "ಅಜ್ಜಾ, ನಿಮ್ಮ ಕವಳದಲ್ಲಿ ತಂಬಾಕು ಇಲ್ವಾ?" ಇತ್ತು. ನಲವತ್ತು ವರ್ಷದಿಂದ ಇತ್ತು. ಜಗಲಿಯ ತುದಿಯಲ್ಲಿ ಕೂತು ತೋಟಕ್ಕೆ ಉಗುಳುವುದೂ ಇತ್ತು. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಕಡೆ ಬಂದವರಿಗೆ ಕವಳದ ತಟ್ಟೆ ಮುಂದಿಡುವುದು ಮರ್ಯಾದೆ. ಅದನ್ನು ಬಿಡಬೇಕು ಅನ್ನುವುದಿಲ್ಲ. ಆದರೆ ಅತಿಥಿಗೆ ತಂಬಾಕು ಬೇಡ ಅಂದು ನಾವು ಅವರ ಎದುರಿಗೇ ಅಗಿದರೆ ಆ ಮಾತಿಗೆ ಬೆಲೆ ಇಲ್ಲ. ರಾಜ್ಯದ ಹೊಸ ತಿದ್ದುಪಡಿಯಲ್ಲಿ ಸಾರ್ವಜನಿಕ ಜಾಗದಲ್ಲಿ ತಂಬಾಕು ಅಗಿಯುವುದಕ್ಕೂ ನಿಷೇಧ ಬಂದಿದೆ ಅಂತ ಮಗ ಓದಿ ಹೇಳಿದ. ನಾನು ತಟ್ಟೆಯಿಂದ ತಂಬಾಕಿನ ಡಬ್ಬಿ ತೆಗೆದೆ. ಮೊದಲ ಹದಿನೈದು ದಿನ ಬಹಳ ಕಷ್ಟವಾಯಿತು. ನನ್ನ ಅಣ್ಣ ಬಾಯಿ ಕ್ಯಾನ್ಸರ್‌ನಿಂದ ಹೋದಾಗ ಬಿಡಲು ಆಗಿರಲಿಲ್ಲ. ಆ ಹುಡುಗನ ಪ್ರಶ್ನೆಗೆ ಬಿಟ್ಟೆ. ನಿಮ್ಮ ಮಾವನವರಿಗೆ ಕವಳದ ಅಭ್ಯಾಸ ಇದ್ದರೆ ಬೋರ್ಡ್ ಹಾಕುವ ಮೊದಲು ಅವರ ಹತ್ತಿರ ಕೂತು ಮಾತಾಡು.

ಮತ್ತೆ ಶಿರಸಿ ಹತ್ತಿರದಿಂದ, ಕೇಳಿದವರು:

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ರಾತ್ರಿ ಊಟವಾದ ಮೇಲೆ ಮನೆಯವರಿಗೆಲ್ಲ ಓದಿ ಹೇಳಿದೆ. ದಾವಣಗೆರೆಯ ಅಕ್ಕನ ಮಾತು ಕೇಳಿ ಯಜಮಾನರು ಒಪ್ಪಿದರು. ಜಗಲಿಯೂ ಸೇರಿ ಪೂರ್ತಿ ನಿಷೇಧ. ಕಾರು ನಿಲ್ಲಿಸುವ ಕಡೆ ನೆಲ ಬರೀ ಜಂಬಿಟ್ಟಿಗೆ ಕಲ್ಲು, ದರಕು ಬೀಳುವುದಿಲ್ಲ. ಅಲ್ಲಿ ಬೆಂಚು, ತಗಡು, ದೀಪ, ಮರಳಿನ ಮಡಕೆ ಇಡುತ್ತೇವೆ. ಗೋಕರ್ಣದವರ ಮೆಸೇಜ್ ಹಾಗೇ ಬಳಸುತ್ತೇನೆ. ಹಾಳಾದದ್ದಕ್ಕೆ ಅತಿಥಿಯೇ ಹಣ ಕೊಡಬೇಕು ಅಂತ ಅದಕ್ಕೆ ಒಂದು ಸಾಲು ಸೇರಿಸಿದ್ದೇನೆ.

ಮಾವ ಕೊನೆಯವರೆಗೂ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕವಳದ ತಟ್ಟೆ ಜಗಲಿಯಲ್ಲಿ ಇರಲಿಲ್ಲ, ಒಳಗೆ ಅವರ ಕೋಣೆಯಲ್ಲಿತ್ತು. ತಂಬಾಕಿನ ಡಬ್ಬಿ ಇನ್ನೂ ಅದರಲ್ಲೇ ಇದೆ. ಬೋರ್ಡ್ ಬರೆಯಲು ಶಿರಸಿಯಲ್ಲಿ ಕೊಟ್ಟು ಬಂದಿದ್ದೇವೆ, ಗುರುವಾರ ಸಿಗುತ್ತದೆ.