ಸಹಾಯ ಬೇಕು: ಬೀಚ್ ಕ್ರಿಸ್‌ಮಸ್‌ಗೆ ನೆವ್ರಿ (ಕರ್ಜಿಕಾಯಿ) ಗರಿಗರಿಯಾಗಿ ಉಳಿಯೋದು ಹೇಗೆ?

ನಮಸ್ಕಾರ. ನಾನು ಮಂಗಳೂರಿನವಳು, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ಗೆ ಬಂದು ನಾಲ್ಕು ತಿಂಗಳಾಯಿತು. ಇಲ್ಲಿ ಡಿಸೆಂಬರ್ ಅಂದರೆ ಬೇಸಿಗೆ, ನಮ್ಮೂರಿನ ಹಾಗೇ ಬೆವರು. ಕ್ರಿಸ್‌ಮಸ್ ಮಧ್ಯಾಹ್ನ ಹೊಸ ಗೆಳೆಯರ ಜೊತೆ ಬೀಚ್ ಪಕ್ಕದಲ್ಲೇ ಊಟ. ಅವರದು ತಣ್ಣನೆ ಸಿಗಡಿ, ಪಾವ್ಲೋವಾ ಅನ್ನೋ ಮೊಟ್ಟೆ ಬಿಳಿಯ ಸಿಹಿ. ನಾನು ಕುಸ್ವಾರ್ (ನೆವ್ರಿಯಂಥ ನಮ್ಮ ಕ್ರಿಸ್‌ಮಸ್ ತಿಂಡಿಗಳು) ತರ್ತೀನಿ ಅಂತ ಜಂಬ ಕೊಚ್ಚಿಕೊಂಡುಬಿಟ್ಟಿದ್ದೇನೆ!

ನಿನ್ನೆ ಸುಮ್ನೆ ನೋಡೋಣ ಅಂತ ಹತ್ತು ನೆವ್ರಿ ಕರಿದೆ. ರಾತ್ರಿ ಗರಿಗರಿ. ಬೆಳಗ್ಗೆ ಡಬ್ಬಿ ತೆಗೆದರೆ ಒದ್ದೆ ಹಪ್ಪಳದ ಹಾಗೆ ಮೆತ್ತಗೆ, ಒಂದರ ಅಂಚು ಬಿಟ್ಟು ಎಳ್ಳೆಲ್ಲ ಹೊರಗೆ. ಹಸಿ ಕಾಯಿತುರಿ ಹುರಿದು ಹಾಕಿದ್ದೆ, ಅದೇ ತಪ್ಪಾಯಿತಾ? ಒಣಕೊಬ್ಬರಿ ಹಾಕಲಾ? ಹಿಟ್ಟಿಗೆ ಬಿಸಿ ತುಪ್ಪ ಎಷ್ಟು? ಅಮ್ಮನನ್ನು ಕೇಳಿದರೆ "ಕಣ್ಣಳತೆ" ಅಂತಾರೆ, ಅಷ್ಟೇ. 25ಕ್ಕೆ ಇಲ್ಲಿ ಸೂಪರ್‌ಮಾರ್ಕೆಟ್ ಬಂದ್, ಸಾಮಾನು ಮೊದಲೇ ತರಬೇಕು. ಗೊತ್ತಿದ್ದವರು ಬೇಗ ಹೇಳಿ.